ಡಾಕ್ಟರ್‌ಗಳ ದಣಿವಿಗೆ ಮದ್ದು ಡ್ಯೂಟಿ ಚಾರ್ಟ್‌ನಲ್ಲಿದೆ: ಆಸ್ಪತ್ರೆ ನಡೆಸುವವರಿಗೆ ಹಂತ ಹಂತದ ಮಾರ್ಗದರ್ಶಿ

"ಸರ್, ನಮ್ಮಲ್ಲಿ ಡ್ಯೂಟಿ ಡಾಕ್ಟರ್‌ಗಳು ಆರು ತಿಂಗಳೂ ನಿಲ್ತಿಲ್ಲ. ಇರೋರು ಸದಾ ಸಿಡಿಮಿಡಿ. ಒಂದು ಯೋಗ ಶಿಬಿರ ಇಡಿಸೋಣ ಅಂತಿದ್ದೀವಿ, ಯಾರನ್ನ ಕರೆಸಬಹುದು?"

ಈ ಪ್ರಶ್ನೆ ಬೇರೆ ಬೇರೆ ಊರಿಂದ ಬರುತ್ತಲೇ ಇರುತ್ತದೆ. ಕೇಳುವವರು ಟ್ರಸ್ಟ್ ಆಸ್ಪತ್ರೆಯ ಕಾರ್ಯದರ್ಶಿ, ಮೆಡಿಕಲ್ ಸೂಪರಿಂಟೆಂಡೆಂಟ್, ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿ, ಕೆಲವೊಮ್ಮೆ ಮೆಡಿಕಲ್ ಕಾಲೇಜಿನ ವಿಭಾಗ ಮುಖ್ಯಸ್ಥರು. ಫೋನಿನಲ್ಲಿ ಎಲ್ಲರಿಗೂ ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಕಡೆ ಬರೆದಿಡುತ್ತಿದ್ದೇನೆ.

ಯೋಗದ ಮೇಲೆ ನನಗೇನೂ ಸಿಟ್ಟಿಲ್ಲ, ನಾನೂ ಮಾಡುತ್ತೇನೆ. ಆದರೆ ರಾತ್ರಿಯೆಲ್ಲಾ ನಿದ್ದೆಗೆಟ್ಟ ಹುಡುಗಿಯನ್ನು ಬೆಳಿಗ್ಗೆ ಆರಕ್ಕೆ ಚಾಪೆಯ ಮೇಲೆ ಕೂರಿಸಿದರೆ ಅವಳು ನಿಮ್ಮನ್ನು ಬೈದುಕೊಳ್ಳುತ್ತಾಳೆ ಅಷ್ಟೇ. ಕೆಲಸವನ್ನು ಇದ್ದ ಹಾಗೇ ಬಿಟ್ಟು, ಕೆಲಸ ಮಾಡುವವರನ್ನು ರಿಪೇರಿ ಮಾಡಲು ಹೊರಟರೆ ಫಲ ಕಡಿಮೆ. ಇದು ನನ್ನೊಬ್ಬನ ಮಾತಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಒಂದು ಲೆಕ್ಕಾಚಾರ 2017ರಲ್ಲಿ ಬಂತು. ಅದರಲ್ಲೂ ಡಾಕ್ಟರಿಗೆ ಕೊಟ್ಟ ತರಬೇತಿಗಿಂತ ಆಸ್ಪತ್ರೆಯ ಕೆಲಸದ ರೀತಿಯಲ್ಲಿ ಮಾಡಿದ ಬದಲಾವಣೆಯೇ ಜಾಸ್ತಿ ಉಪಯೋಗಕ್ಕೆ ಬಂದಿತ್ತು.

ಮೊದಲು ಒಂದು ಪದ. ಬರ್ನ್‌ಔಟ್ ಎಂದರೆ ಬರೀ ಸುಸ್ತಲ್ಲ. ಸುಸ್ತು ಎರಡು ದಿನ ಮಲಗಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ರೋಗಪಟ್ಟಿಯಲ್ಲಿ (2022ರಿಂದ ಜಾರಿಯಲ್ಲಿದೆ) ಇದನ್ನು ಕಾಯಿಲೆ ಎಂದು ಕರೆದಿಲ್ಲ, ಕೆಲಸದ ಜಾಗದಿಂದ ಹುಟ್ಟುವ ತೊಂದರೆ ಎಂದು ಕರೆದಿದೆ. ಗುರುತು ಮೂರು: ಮೈಯಲ್ಲಿ ಕಸುವೇ ಇಲ್ಲ ಎನಿಸುವುದು, ಕೆಲಸದಿಂದ ಮನಸ್ಸು ದೂರವಾಗಿ ಎಲ್ಲದರಲ್ಲೂ ಕಹಿ ಕಾಣುವುದು, ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲ ಎನಿಸುವುದು. ನಿಮ್ಮ ವಾರ್ಡ್‌ನಲ್ಲಿ ಇದು ಹೀಗೆ ಕಾಣುತ್ತದೆ: ಮೊದಲು "ಆ ಅಜ್ಜಿಗೆ ಹೇಗಿದೆ?" ಎಂದು ಕೇಳುತ್ತಿದ್ದವರು ಈಗ "ಬೆಡ್ ಹನ್ನೆರಡು ಖಾಲಿ ಆಯ್ತಾ?" ಎಂದು ಕೇಳುತ್ತಾರೆ.

ಖಿನ್ನತೆ ಬೇರೆ. ಅದು ಕಾಯಿಲೆ, ಮನೆಗೆ ಹೋದರೂ ಹಿಂದೆಯೇ ಬರುತ್ತದೆ, ಚಿಕಿತ್ಸೆ ಬೇಕು. ಎರಡೂ ಒಬ್ಬರಲ್ಲೇ ಇರಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಶುರು ಮಾಡುವ ಮೊದಲು ಏನು ಬೇಕು

ಕಳೆದ ಮೂರು ತಿಂಗಳ ಡ್ಯೂಟಿ ಚಾರ್ಟ್‌ಗಳು. ತಿದ್ದಿದ ಮೇಲೆ ಫೈಲಿಗೆ ಹಾಕಿದ್ದಲ್ಲ, ಗೋಡೆಗೆ ಅಂಟಿಸಿದ್ದು, ವೈಟ್‌ನರ್ ಬಳಿದದ್ದು. ರಜೆ ಪುಸ್ತಕ, ಅದರಲ್ಲೂ ತಿರಸ್ಕರಿಸಿದ ರಜೆ ಅರ್ಜಿಗಳು. ಕಳೆದ ಎರಡು ವರ್ಷದಲ್ಲಿ ಬಿಟ್ಟು ಹೋದವರ ಪಟ್ಟಿ. ಇದರ ಜೊತೆಗೆ ಒಬ್ಬ ವ್ಯಕ್ತಿ, ಚಾರ್ಟ್ ಬದಲಿಸುವ ಅಧಿಕಾರ ಇರುವವರು. 'ವೆಲ್‌ನೆಸ್ ಕಮಿಟಿ' ಮಾಡಿ ಅದಕ್ಕೆ ಅಧಿಕಾರ ಕೊಡದೆ ಬಿಟ್ಟರೆ ವರ್ಷಕ್ಕೊಂದು ಪೋಸ್ಟರ್ ಬರುತ್ತದೆ, ಬೇರೇನೂ ಬರುವುದಿಲ್ಲ.

ಇಡೀ ಆಸ್ಪತ್ರೆಗೆ ಒಮ್ಮೆಲೇ ಕೈ ಹಾಕಬೇಡಿ. ಒಂದು ವಿಭಾಗ ಆರಿಸಿಕೊಳ್ಳಿ. ಮೆಡಿಸಿನ್, ಹೆರಿಗೆ ವಿಭಾಗ ಅಥವಾ ಕ್ಯಾಷುವಾಲ್ಟಿ. ಅತಿ ಹೆಚ್ಚು ಜನ ಬಿಟ್ಟು ಹೋಗಿರುವುದು ಎಲ್ಲಿಂದಲೋ ಅಲ್ಲಿಂದ.

ಹಂತ 1: ನಿಜವಾದ ಗಂಟೆ ಲೆಕ್ಕ ಹಾಕಿ

ಚಾರ್ಟ್ ಹೇಳುವುದು ಒಂದು, ನಡೆಯುವುದು ಇನ್ನೊಂದು. ಚಾರ್ಟ್‌ನಲ್ಲಿ ಡ್ಯೂಟಿ ಬೆಳಿಗ್ಗೆ 9ಕ್ಕೆ ಶುರುವಾಗಿ ಮರುದಿನ 9ಕ್ಕೆ ಮುಗಿಯುತ್ತದೆ. ಆದರೆ 9ಕ್ಕೆ ರೌಂಡ್ಸ್ ಇದೆ. ರೌಂಡ್ಸ್ ಮುಗಿದ ಮೇಲೆ ರೌಂಡ್ಸ್‌ನಲ್ಲಿ ಹೇಳಿದ ಕೆಲಸ ಇದೆ. ಆಮೇಲೆ ಓಪಿಡಿಯಲ್ಲಿ ಜನ ಕಡಿಮೆ, "ಸ್ವಲ್ಪ ಹೊತ್ತು ಕೂತ್ಕೊಳ್ಳಮ್ಮ". ಮನೆಗೆ ಹೋಗುವಾಗ ಸಂಜೆ 5. ಅಂದರೆ 24 ಅಲ್ಲ, 32 ಗಂಟೆ.

ಹದಿನಾಲ್ಕು ದಿನ, ಪ್ರತಿಯೊಬ್ಬ ಡಾಕ್ಟರೂ ಮೂರೇ ಮೂರು ವಿಷಯ ಬರೆಯಲಿ: ಒಳಗೆ ಬಂದ ಹೊತ್ತು, ನಿಜವಾಗಿ ಹೊರಗೆ ಹೋದ ಹೊತ್ತು, ರಾತ್ರಿ ಡ್ಯೂಟಿಯಲ್ಲಿ ಅಡ್ಡಿಯಿಲ್ಲದೆ ಸಿಕ್ಕ ಅತಿ ಉದ್ದದ ನಿದ್ದೆ ಎಷ್ಟು ನಿಮಿಷ. ಮನೆಯಿಂದ ಕಾಲ್ ಮೇಲೆ ಇರುವ ತಜ್ಞರಾದರೆ, ರಾತ್ರಿ ಎಷ್ಟು ಫೋನ್ ಬಂತು, ಎಷ್ಟು ಸಲ ಎದ್ದು ಬಂದರು ಎಂಬುದನ್ನೂ ಬರೆಯಲಿ. ಆಸ್ಪತ್ರೆಗೆ ಬರದಿದ್ದರೂ ಫೋನ್ ನಿದ್ದೆ ಕೆಡಿಸುತ್ತದೆ.

ಬಂದ ಲೆಕ್ಕವನ್ನು ಯಾವುದಕ್ಕೆ ಹೋಲಿಸಬೇಕು? ನಮ್ಮ ದೇಶದಲ್ಲೇ ಅಳತೆಗೋಲುಗಳಿವೆ. 1992ರ ಕೇಂದ್ರ ರೆಸಿಡೆನ್ಸಿ ಯೋಜನೆ (ಆಸ್ಪತ್ರೆಯಲ್ಲಿ ಕಲಿಯುತ್ತಲೇ ದುಡಿಯುವ ಡಾಕ್ಟರ್‌ಗಳಿಗಾಗಿ ಮಾಡಿದ್ದು) ಸಾಮಾನ್ಯವಾಗಿ ಸತತ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಎಂದಿತ್ತು. ಅದನ್ನು ಪಾಲಿಸಿದ ಆಸ್ಪತ್ರೆ ನಾನಂತೂ ನೋಡಿಲ್ಲ. 2023ರ ಕೊನೆಯಲ್ಲಿ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಿಜಿ (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳ) ನಿಯಮಗಳು 'ನ್ಯಾಯವಾದ ಕೆಲಸದ ಅವಧಿ' ಎಂದಷ್ಟೇ ಹೇಳಿ, ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಾಂದರ್ಭಿಕ ರಜೆ ಎಂದು ಬರೆದಿವೆ. ಅದೇ ಆಯೋಗದ ಕಾರ್ಯಪಡೆ 2024ರ ವರದಿಯಲ್ಲಿ ಇನ್ನೂ ಬಿಡಿಸಿ ಹೇಳಿತು: ವಾರಕ್ಕೆ ಒಟ್ಟು 74 ಗಂಟೆ ಮೀರಬಾರದು. ಒಂದು 24 ಗಂಟೆ ಡ್ಯೂಟಿ, 10 ಗಂಟೆಯ ಐದು ದಿನ, ಒಂದು ದಿನ ಪೂರ್ತಿ ರಜೆ. ಇದು ಶಿಫಾರಸು, ಕಾನೂನಲ್ಲ. ಆದರೂ ಈ 74ನ್ನು ಮೇಲಿನ ಗೆರೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಯಾರೆಲ್ಲ ಇದ್ದಾರೋ ಅವರ ಹೆಸರು ಕೆಂಪು ಪೆನ್ನಿನಲ್ಲಿ.

ಎಚ್ಚರಿಕೆ: ಈ ಲೆಕ್ಕವನ್ನು ಸಂಬಳ ಕತ್ತರಿಸಲು, ತಡವಾಗಿ ಬಂದವರನ್ನು ಹಿಡಿಯಲು ಬಳಸಬೇಡಿ. ಒಂದು ಸಲ ಹಾಗಾದರೆ ಮುಂದೆ ಎಲ್ಲರೂ 9ರಿಂದ 9 ಎಂದೇ ಬರೆಯುತ್ತಾರೆ.

ಹಂತ 2: ಕೇಳಿ, ಆದರೆ ಹೆಸರು ಗೊತ್ತಾಗದಂತೆ

ಬರ್ನ್‌ಔಟ್ ಅಳೆಯಲು ಪ್ರಶ್ನಾವಳಿಗಳಿವೆ. ಹೆಚ್ಚು ಹೆಸರಾದದ್ದು ಮಾಸ್ಲಾಕ್ ಪ್ರಶ್ನಾವಳಿ, 22 ಪ್ರಶ್ನೆ, ಬಳಸಲು ದುಡ್ಡು ಕೊಡಬೇಕು. ಕೋಪನ್‌ಹೇಗನ್ ಪ್ರಶ್ನಾವಳಿ 19 ಪ್ರಶ್ನೆಯದು, ಉಚಿತ. ಸಣ್ಣ ಆಸ್ಪತ್ರೆಗೆ ಅದೇ ಸಾಕು. ನನ್ನನ್ನು ಕೇಳಿದರೆ ಅದರ ಕೊನೆಗೆ ನಿಮ್ಮದೇ ಒಂದು ಪ್ರಶ್ನೆ ಸೇರಿಸಿ: "ನಾಳೆಯಿಂದ ಯಾವ ಒಂದು ಕೆಲಸ ನಿಂತರೆ ನಿಮಗೆ ಉಸಿರಾಡೋಕೆ ಆಗುತ್ತೆ?" ಅಂಕಗಳಿಗಿಂತ ಈ ಉತ್ತರಗಳೇ ನಿಮಗೆ ಕೆಲಸಕ್ಕೆ ಬರುತ್ತವೆ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ಹೆಸರು ಬೇಡ ಎಂದು ಹೇಳಿ, ವಿಭಾಗ, ವಯಸ್ಸು, ಗಂಡು ಹೆಣ್ಣು ಕೇಳುತ್ತಾರೆ. ಆರು ಜನರ ವಿಭಾಗದಲ್ಲಿ 29 ವರ್ಷದ ಹೆಣ್ಣುಮಗಳು ಒಬ್ಬಳೇ ಇದ್ದರೆ ಅದು ಹೆಸರು ಬರೆದ ಹಾಗೇ ಅಲ್ವಾ? ಆಸ್ಪತ್ರೆಯ ಇಮೇಲ್‌ನಿಂದ ಲಾಗಿನ್ ಆಗಬೇಕಾದ ಫಾರ್ಮ್ ಕೂಡ ಬೇಡ. ಕಾಗದದಲ್ಲಿ ಅಚ್ಚು ಹಾಕಿಸಿ, ಡ್ಯೂಟಿ ರೂಮಿನ ಹೊರಗೆ ಬೀಗ ಹಾಕಿದ ಡಬ್ಬಿ ಇಡಿ. ಎಣಿಸುವ ಕೆಲಸ ಹೊರಗಿನವರಿಗೆ ಕೊಡಿ.

ಕೇಳಿದ ಮೇಲೆ 30 ದಿನದೊಳಗೆ ಒಂದಾದರೂ ಬದಲಾವಣೆ ಕಣ್ಣಿಗೆ ಕಾಣಬೇಕು. ಆಗುವುದಿಲ್ಲ ಎನಿಸಿದರೆ ಕೇಳಲೇಬೇಡಿ. ಕೇಳಿ ಸುಮ್ಮನಿರುವುದು ಕೇಳದೇ ಇರುವುದಕ್ಕಿಂತ ಕೆಟ್ಟದು.

ಹಂತ 3: ಬೇಡದ ಕೆಲಸ ಕಿತ್ತುಹಾಕಿ

ಹೆಚ್ಚು ದುಡ್ಡಿಲ್ಲದೆ ಬೇಗ ಫಲ ಕಾಣುವ ಹಂತ ಇದು. ಅಮೆರಿಕದ ಹವಾಯಿ ಪೆಸಿಫಿಕ್ ಹೆಲ್ತ್ ಎಂಬ ಆಸ್ಪತ್ರೆ ಸಮೂಹ 2017ರಲ್ಲಿ ಒಂದು ಕೆಲಸ ಮಾಡಿತು. ಡಾಕ್ಟರ್, ನರ್ಸ್ ಎಲ್ಲರಿಗೂ ಹೇಳಿತು: ಕಂಪ್ಯೂಟರ್ ದಾಖಲೆಯಲ್ಲಿ ಅರ್ಥವಿಲ್ಲದ, ಅನಗತ್ಯವಾದ ಏನೇ ಇದ್ದರೂ ತೋರಿಸಿ, ತೆಗೆಯೋಣ. ನರ್ಸ್‌ಗಳು ಗಂಟೆಗೊಮ್ಮೆ ರೋಗಿಯನ್ನು ನೋಡಿಬಂದೆ ಎಂದು ಕ್ಲಿಕ್ ಮಾಡಬೇಕಾದ ಒಂದು ಸಾಲು ಇತ್ತು. ಒಬ್ಬರಿಗೆ ಕೆಲವು ಸೆಕೆಂಡಿನ ಕೆಲಸ. ಅದನ್ನು ತೆಗೆದಾಗ ನಾಲ್ಕು ಆಸ್ಪತ್ರೆಗಳಲ್ಲಿ ಸೇರಿ ತಿಂಗಳಿಗೆ ಸುಮಾರು 1,700 ನರ್ಸಿಂಗ್ ಗಂಟೆ ಉಳಿಯಿತು.

ನಮ್ಮಲ್ಲಿ ಇದೇ ಕೆಲಸವನ್ನು ಹೀಗೆ ಮಾಡಿ. ಒಬ್ಬ ಜೂನಿಯರ್ ಡಾಕ್ಟರ್ ಜೊತೆ ಒಂದು ಪೂರ್ತಿ ದಿನ, ಒಂದು ಪೂರ್ತಿ ರಾತ್ರಿ, ಪುಸ್ತಕ ಹಿಡಿದು ನೀವೇ ಓಡಾಡಿ. ನಾನು ಹಾಗೆ ಒಂದು ರಾತ್ರಿ ಕಳೆದಾಗ ಕಂಡದ್ದು: ಒಂದೇ ಅಡ್ಮಿಷನ್‌ಗೆ ರೋಗಿಯ ಹೆಸರು, ವಯಸ್ಸು, ನೋಂದಣಿ ನಂಬರ್ ಒಂಬತ್ತು ಕಡೆ ಕೈಯಲ್ಲಿ ಬರೆಯಬೇಕಿತ್ತು. ಕೇಸ್ ಶೀಟ್, ಅಡ್ಮಿಷನ್ ರಿಜಿಸ್ಟರ್, ರಕ್ತ ಪರೀಕ್ಷೆಯ ಮೂರು ಚೀಟಿ, ಎಕ್ಸ್‌ರೇ ಚೀಟಿ, ಔಷಧಿ ಇಂಡೆಂಟ್, ಒಪ್ಪಿಗೆ ಪತ್ರ, ವಿಮೆ ಫಾರ್ಮ್. ಅಡ್ಮಿಷನ್ ಕೌಂಟರಿನಲ್ಲೇ ಹೆಸರಿನ ಅಂಟು ಚೀಟಿ ಹದಿನೈದು ಪ್ರಿಂಟ್ ಹಾಕಿ ಕೇಸ್ ಶೀಟಿಗೆ ಲಗತ್ತಿಸಿದೆವು. ಅಷ್ಟೇ. ಆ ವಾರ ನನಗೆ ಸಿಕ್ಕಷ್ಟು ನಮಸ್ಕಾರ ಬೇರೆ ಯಾವತ್ತೂ ಸಿಕ್ಕಿಲ್ಲ.

ಆಮೇಲೆ ಕೆಲಸಗಳನ್ನು ಎರಡು ರಾಶಿ ಮಾಡಿ. ಡಾಕ್ಟರೇ ಮಾಡಬೇಕಾದದ್ದು: ರೋಗಿಯನ್ನು ನೋಡುವುದು, ಔಷಧಿ ಬರೆಯುವುದು, ಒಪ್ಪಿಗೆ ಪಡೆಯುವಾಗ ವಿವರಿಸುವುದು, ಸಾವಿನ ಕಾರಣ ತಿಳಿಸುವ ಫಾರ್ಮ್ 4, ಎಂಎಲ್‌ಸಿ ಗಾಯದ ಪತ್ರ (ಎಂಎಲ್‌ಸಿ ಎಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು). ಬೇರೆಯವರು ಮಾಡಬಹುದಾದದ್ದು: ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಅನುಮತಿಗೆ ಕಾಗದ ಜೋಡಿಸಿ ಅಪ್‌ಲೋಡ್ ಮಾಡುವುದು, ರಕ್ತದ ರಿಪೋರ್ಟ್ ಹುಡುಕಿ ತರುವುದು, ಡಿಸ್ಚಾರ್ಜ್ ಸಮ್ಮರಿಯ ಟೈಪಿಂಗ್, ಬೆಡ್ ಖಾಲಿ ಇದೆಯಾ ಎಂದು ನಾಲ್ಕು ವಾರ್ಡಿಗೆ ಫೋನ್ ಮಾಡುವುದು. ಎರಡನೇ ರಾಶಿಗೆ ಸಂಜೆ 4ರಿಂದ ರಾತ್ರಿ 12ರವರೆಗೆ ಒಬ್ಬ ಡೇಟಾ ಎಂಟ್ರಿ ಆಪರೇಟರ್ ಇಡಿ. ಒಬ್ಬ ಡಾಕ್ಟರ್ ಬಿಟ್ಟು ಹೋದಾಗ ಲೋಕಮ್‌ಗೆ (ಬದಲಿಗೆ ದಿನಗೂಲಿ ಲೆಕ್ಕದಲ್ಲಿ ಬರುವ ಡಾಕ್ಟರ್) ನೀವು ಕೊಡುವ ದುಡ್ಡಿನ ಮುಂದೆ ಅವರ ಸಂಬಳ ಏನೂ ಅಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದವರಿಗೆ ಕಾಟ ಬೇರೆ. ನಿಕ್ಷಯ್, ಆರ್‌ಸಿಎಚ್, ಐಎಚ್‌ಐಪಿ, ಯು-ವಿನ್ (ಕ್ಷಯ, ತಾಯಿ-ಮಗು, ಸಾಂಕ್ರಾಮಿಕ ರೋಗ, ಲಸಿಕೆ ಇವುಗಳ ಲೆಕ್ಕಕ್ಕೆ) ಹೀಗೆ ಪೋರ್ಟಲ್ ಮೇಲೆ ಪೋರ್ಟಲ್. ಇವನ್ನು ನಿಲ್ಲಿಸುವ ಅಧಿಕಾರ ನಿಮಗಿಲ್ಲ. ಆದರೆ ಪೋರ್ಟಲ್‌ಗೆ ಹಾಕಿದ ಅಂಕಿಯನ್ನೇ ಮತ್ತೆ ಎಕ್ಸೆಲ್‌ನಲ್ಲಿ, ಮತ್ತೆ ವಾಟ್ಸಾಪ್‌ನಲ್ಲಿ, ಜೊತೆಗೊಂದು ಫೋಟೋ ಹಾಕಿ ಕಳಿಸಿ ಎನ್ನುವುದು ತಾಲ್ಲೂಕು ಅಥವಾ ಜಿಲ್ಲಾ ಮಟ್ಟದಲ್ಲೇ ಹುಟ್ಟಿದ ರೂಢಿ. ಅದನ್ನು ನಿಲ್ಲಿಸಲು ಬೆಂಗಳೂರಿನ ಅಪ್ಪಣೆ ಬೇಕಿಲ್ಲ.

ವಾಟ್ಸಾಪ್‌ಗೆ ಒಂದೇ ನಿಯಮ ಸಾಕು: ರಾತ್ರಿ 8ರ ನಂತರ ತುರ್ತು ಇದ್ದರೆ ಫೋನ್, ತುರ್ತು ಇಲ್ಲದಿದ್ದರೆ ಬೆಳಿಗ್ಗೆ. ಗ್ರೂಪಿನಲ್ಲಿ ಹಾಕಿದ್ದನ್ನು ಯಾಕೆ ನೋಡಿಲ್ಲ ಎಂದು ಯಾರನ್ನೂ ಕೇಳುವ ಹಾಗಿಲ್ಲ. ಈ ನಿಯಮ ಮೊದಲು ಮುರಿಯುವವರು ನೀವೇ ಆಗಿರುತ್ತೀರಿ, ಹುಷಾರು.

ಸರ್ಕಾರಿ ಡಾಕ್ಟರ್‌ಗಳ ಇನ್ನೊಂದು ಗೋಳು ಕೋರ್ಟು. ಮೂರು ವರ್ಷದ ಹಿಂದೆ ಬೀದರ್‌ನಲ್ಲಿ ಮಾಡಿದ ಪೋಸ್ಟ್‌ಮಾರ್ಟಂಗೆ ಈಗ ಚಾಮರಾಜನಗರದಿಂದ ಹೋಗಿ ಸಾಕ್ಷಿ ಹೇಳಬೇಕು. ಎರಡು ರಾತ್ರಿ ಪ್ರಯಾಣ, ಹೋದರೆ ಕೇಸು ಮುಂದಕ್ಕೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಆಡಿಯೊ-ವಿಡಿಯೊ ಮೂಲಕ ಸಾಕ್ಷ್ಯ ಹೇಳಲು ಅವಕಾಶವಿದೆ. ಸಮನ್ಸ್ ಬಂದ ದಿನವೇ ಸರ್ಕಾರಿ ಅಭಿಯೋಜಕರ ಮೂಲಕ ಕೋರಿಕೆ ಕಳಿಸಿ. ಈ ಪತ್ರ ಬರೆಯುವುದು ಡಾಕ್ಟರ ಕೆಲಸವಲ್ಲ, ನಿಮ್ಮ ಕಚೇರಿಯ ಕೆಲಸ.

ಹಂತ 4: ಡ್ಯೂಟಿ ಚಾರ್ಟ್ ಹೊಸದಾಗಿ ಬರೆಯಿರಿ

ಇಲ್ಲಿ ನಿಧಾನಿಸಿ. ಉಳಿದದ್ದೆಲ್ಲ ಬಿಟ್ಟರೂ ಇದನ್ನು ಬಿಡಬೇಡಿ.

ಒಂದು ಲೆಕ್ಕ ಹಾಕೋಣ. ನಿಮ್ಮ ಮೆಡಿಸಿನ್ ವಿಭಾಗದಲ್ಲಿ 6 ಜೂನಿಯರ್‌ಗಳು. ವಾರಕ್ಕೆ 6 ಗುಣಿಸು 7, ಅಂದರೆ 42 ಆಳು-ದಿನ. ದಿನಕ್ಕೊಬ್ಬರಂತೆ 24 ಗಂಟೆ ಡ್ಯೂಟಿಗೆ 7 ಹೋಯಿತು. ಡ್ಯೂಟಿ ಮುಗಿಸಿದವರು ಮರುದಿನ ಮನೆಯಲ್ಲಿ, ಅದಕ್ಕೆ 7. ಪ್ರತಿಯೊಬ್ಬರಿಗೂ ವಾರಕ್ಕೊಂದು ರಜೆ, ಅದಕ್ಕೆ 6. ಉಳಿದದ್ದು 22. ಅಂದರೆ ಹಗಲಲ್ಲಿ ಓಪಿಡಿ, ವಾರ್ಡ್ ಎರಡಕ್ಕೂ ಸೇರಿ ಮೂರು ಜನ, ಜೊತೆಗೆ ಆ ದಿನದ ಡ್ಯೂಟಿಯವರು. ಹಗಲಿನ ಕೆಲಸ 9 ಗಂಟೆ ಎಂದರೆ ಒಬ್ಬರಿಗೆ ವಾರಕ್ಕೆ ಸುಮಾರು 61 ಗಂಟೆ ಬೀಳುತ್ತದೆ. 74ರ ಒಳಗೆ ಆರಾಮಾಗಿ ಬಂತು.

ಹಾಗಾದರೆ ಈಗ ಯಾಕೆ ಆಗುತ್ತಿಲ್ಲ? ಏಕೆಂದರೆ ಆ 7 ಪೋಸ್ಟ್ ಡ್ಯೂಟಿ ದಿನಗಳನ್ನು ನಾವು ನುಂಗಿದ್ದೇವೆ. ಅಥವಾ ಇನ್ನೂ ಜಾಣತನದ ದಾರಿ: ರಾತ್ರಿಯೆಲ್ಲಾ ಎದ್ದು ಮರುದಿನ ಹೆಣದ ಹಾಗೆ ಮಲಗುವ ದಿನವನ್ನೇ 'ವಾರದ ರಜೆ' ಎಂದು ಬರೆಯುವುದು. ಕಾಗದದಲ್ಲಿ ನೋಡಿದರೆ ಎಲ್ಲರಿಗೂ ರಜೆ ಸಿಕ್ಕಿದೆ. ನಾನು ನೋಡಿದ ಚಾರ್ಟ್‌ಗಳಲ್ಲಿ ಅತಿ ಸಾಮಾನ್ಯವಾದ ಮೋಸ ಇದೇ. ಪೋಸ್ಟ್ ಡ್ಯೂಟಿ ಆಫ್ ಬೇರೆ, ವಾರದ ರಜೆ ಬೇರೆ. ಚಾರ್ಟ್‌ನಲ್ಲಿ ಎರಡಕ್ಕೂ ಬೇರೆ ಬಣ್ಣ ಹಾಕಿ.

ಹೊಸ ಚಾರ್ಟ್‌ಗೆ ನಾನು ಇಡುವ ಕಟ್ಟುಗಳು ಇವು:

ಡ್ಯೂಟಿ ಮುಗಿಸಿದವರು ಬೆಳಿಗ್ಗೆ 10ಕ್ಕೆ ಹೊರಗಿರಬೇಕು. 10ರ ನಂತರ ಅವರಿಗೆ ಕೆಲಸ ಹೇಳುವ ಅಧಿಕಾರ ಯಾರಿಗೂ ಇಲ್ಲ. ರೌಂಡ್ಸ್ 9ಕ್ಕೆ ಬದಲು 8ಕ್ಕೆ ಬರಬೇಕು ಎಂದಾದರೆ ಕನ್ಸಲ್ಟೆಂಟ್ 8ಕ್ಕೆ ಬರಲಿ. ಹೊಸ ಚಾರ್ಟ್‌ಗೆ ಅತಿ ಹೆಚ್ಚು ಗೊಣಗಾಟ ಬರುವುದು ಈ ಸಾಲಿಗೇ, ಅದೂ ದೊಡ್ಡವರಿಂದ.

ಚಾರ್ಟ್ ತಿಂಗಳು ಶುರುವಾಗುವ ಹತ್ತು ದಿನ ಮೊದಲೇ ಬರಬೇಕು. ಅಕ್ಕನ ಮದುವೆಗೆ ಹೋಗಬಹುದೋ ಇಲ್ಲವೋ ಎಂದು ಹಿಂದಿನ ರಾತ್ರಿವರೆಗೂ ಗೊತ್ತಿಲ್ಲದಿರುವುದು ಕೆಲಸಕ್ಕಿಂತ ಜಾಸ್ತಿ ದಣಿಸುತ್ತದೆ.

ಯಾರಾದರೂ ರಜೆ ಹಾಕಿದರೆ ಯಾರು ಬರುತ್ತಾರೆ ಎಂಬ ಹೆಸರು ಚಾರ್ಟ್‌ನಲ್ಲೇ ಇರಬೇಕು. "ನೀನೇ ಬದಲಿಯವರನ್ನ ಹುಡುಕಿಕೊಂಡು ಹೋಗು" ಎನ್ನುವ ಪದ್ಧತಿ ನಿಲ್ಲಲಿ. ಜ್ವರದಲ್ಲಿ ಮಲಗಿದವರು ಎಂಟು ಜನಕ್ಕೆ ಫೋನ್ ಮಾಡಿ ಅಂಗಲಾಚುವುದು ರಜೆಯಲ್ಲ.

ಕೈ ಬದಲಿಸುವ ಹೊತ್ತು, ಅಂದರೆ ಹ್ಯಾಂಡ್‌ಓವರ್, ಚಾರ್ಟ್‌ನಲ್ಲಿ 20 ನಿಮಿಷವಾಗಿ ಬರೆದಿರಲಿ. ಡ್ಯೂಟಿ ಬದಲಾದಷ್ಟೂ ವಿಷಯ ನಡುವೆ ಬಿದ್ದುಹೋಗುತ್ತದೆ ಎಂಬ ಆಕ್ಷೇಪ ನಿಜ. ಅದಕ್ಕೆ ಮದ್ದು ಉದ್ದ ಡ್ಯೂಟಿಯಲ್ಲ, ಒಳ್ಳೆಯ ಹ್ಯಾಂಡ್‌ಓವರ್. ಐ-ಪಾಸ್ ಎಂಬ ಒಂದು ಕ್ರಮ ಇದೆ: ರೋಗಿ ಎಷ್ಟು ಗಂಭೀರ, ಕಥೆ ಚಿಕ್ಕದಾಗಿ, ಮಾಡಬೇಕಾದ ಕೆಲಸ, ಹೀಗಾದರೆ ಹೀಗೆ ಮಾಡಿ ಎಂಬ ಸೂಚನೆ, ಕೊನೆಗೆ ಕೇಳಿಸಿಕೊಂಡವರು ತಿರುಗಿ ಹೇಳುವುದು. ಉತ್ತರ ಅಮೆರಿಕದ 9 ಮಕ್ಕಳ ವಿಭಾಗಗಳಲ್ಲಿ ಇದನ್ನು ತಂದಾಗ ವೈದ್ಯಕೀಯ ತಪ್ಪುಗಳು 23 ಶೇಕಡ ಇಳಿದವು. 2014ರಲ್ಲಿ ಅದು ಪ್ರಕಟವಾಯಿತು.

ಈಗ ಕಷ್ಟದ ಪ್ರಶ್ನೆ. "ಸರ್, ನಮ್ಮದು ತಾಲ್ಲೂಕು ಆಸ್ಪತ್ರೆ. ಇರೋದೇ ಒಬ್ಬರು ಗೈನಕಾಲಜಿಸ್ಟ್, ಒಬ್ಬರು ಅನಸ್ತೇಷಿಯಾ. ಯಾವ ಚಾರ್ಟ್ ಬರೆಯೋದು?"

ಒಪ್ಪುತ್ತೇನೆ. ಒಬ್ಬರೇ ಇರುವಲ್ಲಿ ಚಾರ್ಟ್ ಎಂಬುದೇ ಇಲ್ಲ. ವರ್ಷದ 365 ರಾತ್ರಿಯೂ ಅವರದೇ ಕಾಲ್. ರಾತ್ರಿ 2ಕ್ಕೆ ಸಿಸೇರಿಯನ್, ಬೆಳಿಗ್ಗೆ ಓಪಿಡಿಯಲ್ಲಿ ನೂರು ಜನ. ಇಲ್ಲಿ ಒಂದು ಆಸ್ಪತ್ರೆಯೊಳಗೆ ಉತ್ತರ ಸಿಗುವುದಿಲ್ಲ, ಪಕ್ಕದ ತಾಲ್ಲೂಕನ್ನು ಸೇರಿಸಿಕೊಳ್ಳಬೇಕು. ಎರಡು ಆಸ್ಪತ್ರೆಗಳ ನಡುವೆ 30, 40 ಕಿಲೋಮೀಟರ್ ಇದ್ದರೆ, ವಾರಾಂತ್ಯದ ಕಾಲ್ ಅನ್ನು ಸರದಿಯಲ್ಲಿ ಹಂಚಿಕೊಳ್ಳಬಹುದು. ಈ ಶನಿವಾರ ಭಾನುವಾರ ಅಲ್ಲಿಯವರು, ಮುಂದಿನ ವಾರ ಇಲ್ಲಿಯವರು. ಮೂರು ಷರತ್ತು. ಇದು ಇಬ್ಬರು ಡಾಕ್ಟರ್‌ಗಳ ಬಾಯಿಮಾತಿನ ಒಪ್ಪಂದ ಆಗಿರಬಾರದು, ಜಿಲ್ಲಾ ಆರೋಗ್ಯಾಧಿಕಾರಿಗಳ ಸಹಿ ಇರುವ ಆದೇಶ ಆಗಿರಬೇಕು. ಇಲ್ಲದಿದ್ದರೆ ಏನಾದರೂ ಹೆಚ್ಚುಕಡಿಮೆಯಾದ ದಿನ ರಜೆಯಲ್ಲಿದ್ದವರ ತಲೆಗೇ ಬರುತ್ತದೆ. ಎರಡನೆಯದು, 108ರವರಿಗೆ, ಆಶಾ ಕಾರ್ಯಕರ್ತೆಯರಿಗೆ, ಲೇಬರ್ ರೂಮಿನ ಸಿಸ್ಟರ್‌ಗಳಿಗೆ ಶುಕ್ರವಾರವೇ ಗೊತ್ತಿರಬೇಕು. ಮೂರನೆಯದು, ಹಿಂದೆ ಸಿಸೇರಿಯನ್ ಆದವರು, ಬಿಪಿ ಇರುವವರು, ಆ ವಾರ ದಿನ ತುಂಬುವವರ ಪಟ್ಟಿ ಮೊದಲೇ ಮಾಡಿ ಅವರ ಮನೆಗೆ ಹೇಳಿಕಳಿಸಬೇಕು. ಮೂರೂ ಸಾಧ್ಯವಿಲ್ಲದಿದ್ದರೆ ಇದಕ್ಕೆ ಕೈಹಾಕಬೇಡಿ, ತಾಯಿ ಮಗುವಿನ ಜೀವದ ಪ್ರಶ್ನೆ. ಆಗ ಲೋಕಮ್‌ಗೆ ದುಡ್ಡು ಕೇಳುವುದೊಂದೇ ದಾರಿ. ಕೇಳುವಾಗ ಹಂತ 1ರ ಫೋನ್ ಲೆಕ್ಕ ಜೊತೆಗಿರಲಿ.

ಹಂತ 5: ಡ್ಯೂಟಿ ರೂಮಿಗೆ ಒಮ್ಮೆ ಹೋಗಿ ಮಲಗಿ ನೋಡಿ

ಸುಮ್ನೆ ಹೇಳುತ್ತಿಲ್ಲ. ಒಂದು ರಾತ್ರಿ ಅಲ್ಲಿ ಮಲಗಿ. ಬಾಗಿಲಿಗೆ ಒಳಚಿಲಕ ಇದೆಯೇ? ಹಾಸಿಗೆಯ ಬಟ್ಟೆ ಯಾರು, ಯಾವಾಗ ಬದಲಿಸುತ್ತಾರೆ? ಹೆಂಗಸರಿಗೆ ಬೇರೆ ಕೋಣೆ, ಬೇರೆ ಶೌಚಾಲಯ ಇದೆಯೇ? ಅಲ್ಲಿಂದ ವಾರ್ಡಿಗೆ ಹೋಗುವ ದಾರಿಯಲ್ಲಿ ಬಲ್ಬ್ ಉರಿಯುತ್ತದೆಯೇ? ರಾತ್ರಿ 11ಕ್ಕೆ ಹಸಿವಾದರೆ ಬಿಸಿಯಾಗಿ ಏನು ಸಿಗುತ್ತದೆ? ಬಿಸ್ಕತ್ ಪೊಟ್ಟಣ ಉತ್ತರವಲ್ಲ. ಕ್ಯಾಂಟೀನಿನವರಿಗೆ ಹೇಳಿ ರಾತ್ರಿ ಡ್ಯೂಟಿಯವರ ಊಟವನ್ನು ಹಾಟ್ ಕೇಸಿನಲ್ಲಿ ಇಡಿಸಿ, ದುಡ್ಡು ಆಸ್ಪತ್ರೆಯದು. ಡ್ಯೂಟಿ ಮುಗಿಸಿ ಬೈಕ್ ಹತ್ತುವ ಹುಡುಗನಿಗೆ ನಿದ್ದೆ ತೂಗುತ್ತಿರುತ್ತದೆ. ಆಸ್ಪತ್ರೆಯ ಗಾಡಿ ಬಿಟ್ಟು ಬರಲಿ.

ಹಂತ 6: ಹೊಡೆತದ ಭಯ ತೆಗೆಯಿರಿ

ಕ್ಯಾಷುವಾಲ್ಟಿಯಲ್ಲಿ ಕೂತವರ ಒಂದು ಕಣ್ಣು ಸದಾ ಬಾಗಿಲ ಮೇಲಿರುತ್ತದೆ. ಕರ್ನಾಟಕದಲ್ಲಿ ವೈದ್ಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು 2009ರಲ್ಲೇ ಕಾನೂನು ಬಂದಿದೆ. ಕಾನೂನಿನ ಪ್ರಕಟಣೆಯನ್ನು ಗೋಡೆಗೆ ಹಾಕಿದರೆ ಮುಗಿಯಲಿಲ್ಲ. ದೂರು ಕೊಡುವವರು ಯಾರು ಎಂಬುದೇ ಮುಖ್ಯ. ಹೊಡೆತ ತಿಂದ ಡಾಕ್ಟರನ್ನೇ ಠಾಣೆಗೆ ಕಳಿಸಬೇಡಿ. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯ ಅತ್ಯಾಚಾರ, ಕೊಲೆಯ ಘಟನೆಯ ನಂತರ, 2024ರ ಆಗಸ್ಟ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹೊರಡಿಸಿದ ಸೂಚನೆಯಲ್ಲಿ, ಸಂಸ್ಥೆಯ ಮುಖ್ಯಸ್ಥರೇ 6 ಗಂಟೆಯೊಳಗೆ ಎಫ್‌ಐಆರ್ ಹಾಕಿಸಬೇಕು ಎಂದಿದೆ. ನಿಮ್ಮದು ಖಾಸಗಿ ಆಸ್ಪತ್ರೆಯಾದರೂ ಅದೇ ನಿಯಮ ಬರೆದಿಟ್ಟುಕೊಳ್ಳಿ.

ಗಲಾಟೆ ಹುಟ್ಟುವುದು ಹೆಚ್ಚಾಗಿ ಸಾವಿನ ಸುದ್ದಿ ಹೇಳುವಾಗ, ಇಲ್ಲವೇ ಬಿಲ್ಲಿನ ಹೊತ್ತಿಗೆ. ಸಾವಿನ ಸುದ್ದಿಯನ್ನು ಜೂನಿಯರ್ ಒಬ್ಬರೇ ಹೇಳಬಾರದು. ಹಿರಿಯರೊಬ್ಬರು, ಜೊತೆಗೊಬ್ಬ ಸಿಸ್ಟರ್ ಇರಲಿ, ಕಾರಿಡಾರಿನಲ್ಲಿ ಅಲ್ಲ, ಒಂದು ಕೋಣೆಯಲ್ಲಿ ಕೂರಿಸಿ ಹೇಳಲಿ. ಬಿಲ್ಲಿನ ಮಾತು ಡಾಕ್ಟರ ಬಾಯಿಂದ ಬರಲೇಬಾರದು.

ಹಂತ 7: ಮೇಲಿನವರ ನಾಲಿಗೆ

ಇದನ್ನು ಬರೆಯಲು ನನಗೂ ಮುಜುಗರ, ಏಕೆಂದರೆ ನಾನೂ ರೌಂಡ್ಸ್‌ನಲ್ಲಿ ಕೇಸ್ ಶೀಟ್ ಎಸೆದವನೇ. ಅಮೆರಿಕದ ಹೆಸರಾಂತ ಆಸ್ಪತ್ರೆ ಮೇಯೊ ಕ್ಲಿನಿಕ್‌ನವರು 2015ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಡಾಕ್ಟರ್‌ಗಳು ತಮ್ಮ ನೇರ ಮೇಲಧಿಕಾರಿಗೆ 60ಕ್ಕೆ ಅಂಕ ಕೊಟ್ಟರು. ಒಂದೊಂದು ಅಂಕ ಹೆಚ್ಚಾದಂತೆ ಬರ್ನ್‌ಔಟ್ ಸಂಭವ 3.3 ಶೇಕಡ ಕಡಿಮೆ ಕಂಡಿತು. ಅಂದರೆ ವಿಭಾಗ ಮುಖ್ಯಸ್ಥರು ಹೇಗೆ ಮಾತಾಡುತ್ತಾರೆ ಎನ್ನುವುದು ಸಣ್ಣ ವಿಷಯವಲ್ಲ. ವರ್ಷಕ್ಕೊಮ್ಮೆ ಜೂನಿಯರ್‌ಗಳು ಮುಖ್ಯಸ್ಥರಿಗೆ ಅಂಕ ಕೊಡಲಿ, ಅದೇ ಬೀಗದ ಡಬ್ಬಿಯಲ್ಲಿ. ಫಲಿತಾಂಶ ಮೊದಲು ಆ ಮುಖ್ಯಸ್ಥರಿಗೆ ಮಾತ್ರ ತೋರಿಸಿ.

ಅದೇ ಮೇಯೊದವರು ಡಾಕ್ಟರ್‌ಗಳನ್ನು ಸಣ್ಣ ಗುಂಪು ಮಾಡಿ, ಎರಡು ವಾರಕ್ಕೊಮ್ಮೆ ಕೆಲಸದ ವೇಳೆಯಲ್ಲೇ ಒಂದು ಗಂಟೆ ಕೂರಿಸಿ ಮಾತಾಡಲು ಬಿಟ್ಟರು, 9 ತಿಂಗಳು. ಕೆಲಸದ ಮೇಲಿನ ಅಕ್ಕರೆ ಹೆಚ್ಚಿತು. ಗುಟ್ಟು 'ಕೆಲಸದ ವೇಳೆಯಲ್ಲೇ' ಎಂಬಲ್ಲಿದೆ. ಭಾನುವಾರ ಸಂಜೆ ಕಡ್ಡಾಯ 'ಗೆಟ್ ಟುಗೆದರ್' ಇಟ್ಟರೆ ಅದೂ ಒಂದು ಡ್ಯೂಟಿಯೇ.

ಹಂತ 8: ಈಗಾಗಲೇ ಕುಸಿದವರಿಗೆ

ಯಾರಾದರೂ "ಇದೆಲ್ಲ ಮುಗಿದರೆ ಸಾಕು" ಎನ್ನುತ್ತಿದ್ದರೆ, ಎಲ್ಲರಿಂದ ದೂರವಾಗುತ್ತಿದ್ದರೆ ಕಾಯಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಡ್ಯೂಟಿಯಿಂದ ಆ ಕ್ಷಣವೇ ಬಿಡಿಸಿ, ಅಂದೇ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಟೆಲಿ-ಮಾನಸ್ 14416 ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡಬಹುದು. ಈ ನಂಬರ್ ಡ್ಯೂಟಿ ರೂಮಿನ ಬಾಗಿಲ ಒಳಗಡೆ ಅಂಟಿಸಿ, ಹೊರಗಡೆ ಅಲ್ಲ.

ಸ್ವಂತ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕಳಿಸುವುದು ಸಾಮಾನ್ಯ ತಪ್ಪು. ಟೋಕನ್ ಕೂಗುವ ಆಯಾಗೂ ಗೊತ್ತು ಇದು ಯಾರು ಎಂದು. ಬೇರೆ ಊರಿನ, ಬೇರೆ ಸಂಸ್ಥೆಯ ಒಬ್ಬ ಮನೋವೈದ್ಯರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಬಿಲ್ ಆಸ್ಪತ್ರೆಗೆ ಬರಲಿ, ಬಿಲ್ಲಿನಲ್ಲಿ ಹೆಸರು ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿವರ ಗುಟ್ಟಾಗಿಡುವುದನ್ನು ಹಕ್ಕೆಂದೇ ಹೇಳಿದೆ, ಡಾಕ್ಟರೂ ಇಲ್ಲಿ ರೋಗಿಯೇ. ವಾಪಸ್ ಬಂದವರಿಗೆ ಮೊದಲ ತಿಂಗಳು ರಾತ್ರಿ ಡ್ಯೂಟಿ ಬೇಡ.

ಹಂತ 9: ಮೂರು ತಿಂಗಳಿಗೆ ಮತ್ತೆ ಎಣಿಸಿ

ಮತ್ತೆ ಹದಿನಾಲ್ಕು ದಿನದ ಗಂಟೆ ಲೆಕ್ಕ. 74 ಮೀರಿದವರು ಎಷ್ಟು, ತಿರಸ್ಕರಿಸಿದ ರಜೆ ಎಷ್ಟು, 10ರ ನಂತರವೂ ಇದ್ದ ಪೋಸ್ಟ್ ಡ್ಯೂಟಿಯವರು ಎಷ್ಟು, ರಾಜೀನಾಮೆ ಎಷ್ಟು. ಈ ನಾಲ್ಕು ಅಂಕಿ ಟ್ರಸ್ಟ್‌ನ ಮೀಟಿಂಗಿನಲ್ಲಿ ಬೆಡ್ ಭರ್ತಿ, ಆದಾಯದ ಅಂಕಿಗಳ ಪಕ್ಕದಲ್ಲೇ ಬರಬೇಕು. ದುಡ್ಡಿನ ಮಾತು ಬಂದರೆ ಒಬ್ಬ ಡಾಕ್ಟರ್ ಬಿಟ್ಟಾಗ ಲೋಕಮ್‌ಗೆ, ಜಾಹೀರಾತಿಗೆ, ನಿಂತುಹೋದ ಓಪಿಡಿಗೆ ಎಷ್ಟಾಯಿತು ಎಂದು ನಿಮ್ಮ ಅಕೌಂಟ್ಸ್‌ನವರಿಂದಲೇ ತೆಗೆಸಿ ಮುಂದಿಡಿ. ಹೊರಗಿನ ಅಂಕಿಗಿಂತ ಅವರದೇ ಲೆಡ್ಜರ್ ಬೇಗ ನಾಟುತ್ತದೆ.

ಇದೆಲ್ಲ ನಿಮ್ಮ ಆಸಕ್ತಿಯ ಮೇಲೆ ನಿಂತಿದ್ದರೆ ನೀವು ವರ್ಗವಾದ ತಿಂಗಳೇ ಹಳೇ ಚಾರ್ಟ್ ವಾಪಸ್. ಅದಕ್ಕೆ 10 ಗಂಟೆಯ ನಿಯಮ, ಎಫ್‌ಐಆರ್ ನಿಯಮ, ಬದಲಿ ಹೆಸರಿನ ನಿಯಮ ಇವನ್ನು ಆಸ್ಪತ್ರೆಯ ಲಿಖಿತ ಕಾರ್ಯವಿಧಾನದಲ್ಲಿ ಸೇರಿಸಿ, ನೇಮಕಾತಿ ಪತ್ರದಲ್ಲೂ ಒಂದು ಸಾಲು ಬರೆಸಿ.

ಕೊನೆಗೆ ಎಲ್ಲರೂ ಕೇಳುವುದು: ಯಾವಾಗ ಶುರು ಮಾಡೋದು? ಡೆಂಗಿ ಸೀಸನ್‌ನಲ್ಲಿ ಬೇಡ, ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರ್ಡ್ ತುಂಬಿರುತ್ತದೆ, ಹೊಸ ಚಾರ್ಟ್ ಮೊದಲ ವಾರವೇ ಮುರಿಯುತ್ತದೆ. ಪಿಜಿಗಳ ಪರೀಕ್ಷೆ ತಿಂಗಳೂ ಬೇಡ. ನವೆಂಬರ್‌ನಲ್ಲಿ ಗಂಟೆ ಎಣಿಸಿ, ಡಿಸೆಂಬರ್ 20ಕ್ಕೆ ಹೊಸ ಚಾರ್ಟ್ ಗೋಡೆಗೆ ಹಾಕಿ, ಜನವರಿ 1ರಿಂದ ಜಾರಿ ಮಾಡಿ. ಆ ಮೊದಲ ತಿಂಗಳು ಬೆಳಿಗ್ಗೆ 10ಕ್ಕೆ ನೀವೇ ವಾರ್ಡಿನಲ್ಲಿ ನಿಂತು ಡ್ಯೂಟಿ ಮುಗಿಸಿದವರನ್ನು ಮನೆಗೆ ಕಳಿಸಿ.